ಎರಡು ಎಮ್, ಎರಡು ಸೊನ್ನೆ

ಐಸ್ ಫ್ಯಾಕ್ಟರಿಯ ಕಂಪ್ರೆಸರು ಕೆಟ್ಟರೆ
ನಾನು ಮೊದಲು ಕಿವಿ ಇಡುತ್ತೇನೆ.
ಬೇರಿಂಗ್ ಸವೆದಿದ್ದರೆ ಗರಗರ,
ಬೆಲ್ಟು ಸಡಿಲಿದ್ದರೆ ಬೆಕ್ಕಿನ ಮರಿಯ ಕೀರಲು.
ಬೈತಖೋಲ ಧಕ್ಕೆಯಲ್ಲಿ ಹತ್ತೊಂಬತ್ತು ವರ್ಷ
ಸ್ಪ್ಯಾನರಿಗಿಂತ ಕಿವಿಯಿಂದಲೇ ಉಂಡವನು.

ಆದರೆ ಕೋಡಿಬಾಗದಲ್ಲಿ
ಪ್ರಮಿಳಾ ಬಾನಾವಳಿಕರಳ ಲಿನಕ್ಸ್ ಕಂಪ್ಯೂಟರು
ಕೆಟ್ಟಿದ್ದೇ ಸದ್ದಿಲ್ಲದೆ.
"ಪುರ್ಸೊ, ನಿನ್ನೆ ರಾತ್ರಿ ಅಪ್‌ಡೇಟ್ ಕೊಟ್ಟೆ,
ಬೆಳಿಗ್ಗೆಯಿಂದ ಮೌನವ್ರತ. ಬಂದು ನೋಡು"
ಅಂದಳು ಫೋನಿನಲ್ಲಿ. ನೋಡು ಅಂದದ್ದು
ನೋಡಲಿಕ್ಕೇ. ಅವಳಿಗೆ ಕಣ್ಣು ಕಾಣುವುದಿಲ್ಲ.
ಪರದೆಯ ಮೇಲಿನ ಪ್ರತಿ ಅಕ್ಷರವನ್ನೂ
ಅದು ಓದಬೇಕು, ಅವಳು ಕೇಳಬೇಕು.
ನಾಳೆ ಹನ್ನೊಂದಕ್ಕೆ ಸೊಸೈಟಿಗೆ
ಸಭೆಯ ನಡಾವಳಿ ಟೈಪಾಗಿ ತಲುಪಬೇಕು.

ಬಾಗಿಲು ತೆರೆದೇ ಇತ್ತು. ಒಳಗೆ ಕತ್ತಲೆ.
"ಸ್ವಿಚ್ಚು ನಿನ್ನ ಎಡಗೈಗೆ, ಹಾಕಿಕೋ."

ರೂಢಿ ಬಿಡಲಾಗದೆ ಡಬ್ಬಕ್ಕೆ ಕಿವಿ ಇಟ್ಟೆ.
ಫ್ಯಾನು ತಿರುಗುತ್ತಿತ್ತು. "ಜೀವ ಇದೆ" ಅಂದೆ.
"ಅದು ಗೊತ್ತು ಮಾರಾಯ.
ವೈರು ಮೂರು ಸಲ ಕಿತ್ತು ಸಿಕ್ಕಿಸಿದ್ದೇನೆ,
ಸ್ಪೀಕರನ್ನು ರೇಡಿಯೋಗೆ ಹಾಕಿದರೆ ಹಾಡುತ್ತದೆ.
ನೀನು ಓದು, ಅಷ್ಟೇ."

ಅವಳು ಏನೋ ಒತ್ತಿದಳು, ಕಪ್ಪು ಕಿಟಕಿ ತೆರೆಯಿತು.
ನನ್ನ ಏಳನೇ ತರಗತಿಯ ಇಂಗ್ಲಿಷಿನಲ್ಲಿ
ಬಲೆಯಿಂದ ಏಡಿ ಬಿಡಿಸಿದಂತೆ
ಒಂದೊಂದೇ ಅಕ್ಷರ ಬಿಡಿಸಿದೆ. ಎಮ್, ಎ, ಎಸ್, ಟಿ...
"ಮಾಸ್ಟರ್. ಅದರ ಬುಡದಲ್ಲಿ?"
"ಎರಡು ಎಮ್."
"ಹಾಗಾದರೆ ಬಾಯಿ ಮುಚ್ಚಿದೆ.
ಎಮ್ ಅಂತ ನೀನೇ ಹೇಳಿ ನೋಡು, ತುಟಿ ಏನಾಯಿತು?"
ಹೇಳಿದೆ. ತುಟಿ ಕೂಡಿತು.
ಅವಳು ಒಂದು ಕೀಲಿ ಒತ್ತಿದಳು:
ಎಮ್ ಎರಡೂ ಹೋಗಿ ಎರಡು ಸೊನ್ನೆ,
ಐಸಿನ ಮೇಲಿಟ್ಟ ಎರಡು ಬಂಗಡೆಯ ಬಾಯಿ.

ತೆರೆದೇ ಇತ್ತು. ಸದ್ದು ಮಾತ್ರ ಇಲ್ಲ,
ಅದೂ ಬಂಗಡೆಯ ಹಾಗೆಯೇ.

"ಇನ್ನೊಂದು ಪಟ್ಟಿ ತರಿಸುತ್ತೇನೆ.
ಯಾವ ಹೆಸರಿನ ಮುಂದೆ ನಕ್ಷತ್ರ?"
"ಎಚ್, ಡಿ, ಎಮ್, ಐ."
ಹಣೆ ಚಚ್ಚಿಕೊಂಡು ನಕ್ಕಳು.
"ಇಡೀ ದಿನ ಮಾತಾಡುತ್ತಲೇ ಇತ್ತು ಪುರ್ಸೊ,
ಈ ಮಾನಿಟರಿನ ಕಡೆ ತಿರುಗಿ.
ಇದಕ್ಕೆ ಸ್ಪೀಕರೇ ಇಲ್ಲ."
ನನಗೆ ನಗು ಬರಲಿಲ್ಲ,
ಮಂಗಳವಾರದ ಸಭೆ ನೆನಪಾಯಿತು.

"ಅನಲಾಗ್ ಅಂತ ಇರುವಲ್ಲಿ ಅಂಕೆ ಎಷ್ಟು?"
"ನಲವತ್ತೇಳು."
ನಲವತ್ತೇಳು, ಎಂಟರ್.
ಮೂಗಿನಲ್ಲಿ, ಉಸಿರೇ ತೆಗೆಯದೆ,
ಬಸ್ ಸ್ಟ್ಯಾಂಡಿನ ಮೈಕಿನವನಂತೆ
ಒಂದು ಗಂಡು ದನಿ ಹೊರಟಿತು.
ಬೆಳಿಗ್ಗೆಯಿಂದ ಏರಿದ್ದ ಅವಳ ಭುಜ ಇಳಿಯಿತು.

ಕೂಡಲೇ ಹಾಕಿದ್ದು ಸಭೆಯ ರೆಕಾರ್ಡಿಂಗು.
ಮೇಜಿನ ಫೋನಿಗೆ ಹತ್ತಿರ, ಅಧ್ಯಕ್ಷರು ಗಟ್ಟಿ.
ಚಹಾದ ಲೋಟ ಅವರಿಗಿಂತ ಗಟ್ಟಿ.
ಹಿಂದೆ, ಬಾಗಿಲ ಕಡೆಯಿಂದ, ಸೊಳ್ಳೆಯಂತೆ ಏನೋ.
"ಇದು ಯಾರು?"
"ನಾನು."
"ಏನು ಹೇಳುತ್ತಿದ್ದೀ?"
"ಎರಡನೇ ಕಾಯಿಲಿನಲ್ಲಿ ಅಮೋನಿಯಾ..."
"ಈಗ ನೀನು ಹೇಳಬೇಡ. ಅದು ಹೇಳಲಿ."

ನೂರು ದಾಟಿಸಿದಳು. ನೂರಿಪ್ಪತ್ತು. ನೂರೈವತ್ತು.
ನನ್ನ ದನಿ ಒಡೆದು ತಗಡಾಯಿತು,
ಕುರ್ಚಿ ಎಳೆದದ್ದು, ಯಾರದೋ ಕೆಮ್ಮು, ಎಲ್ಲವೂ ಉಬ್ಬಿದವು.
ಆದರೂ ಎರಡನೇ ಕಾಯಿಲು, ಮೂರು ವಾರ,
ಸೋರುವ ವಾಲ್ವು, ಹುಡುಗರ ಕಣ್ಣುರಿ
ಒಂದೊಂದೇ ಹೊರಬಂತು. ಅವಳು ಟೈಪಿಸಿದಳು.
ಓದು ಅಂದಳು ಕಂಪ್ಯೂಟರಿಗೆ.

ಅಮೋ ನಿಯಾ ಎಂದು ತಪ್ಪಾಗಿ ಮುರಿದು,
ಸಿಟ್ಟಿಲ್ಲದೆ, ನೌಕರಿಯ ಹೆದರಿಕೆಯಿಲ್ಲದೆ
ಅದು ಓದಿತು.
ಅಷ್ಟು ತಣ್ಣಗೆ ನಾನು ಯಾವತ್ತೂ ಹೇಳಿರಲಿಲ್ಲ.
ಮೊದಲ ಸಲ ನನಗೇ ಭಯವಾಯಿತು.

ಎದ್ದೆ.
"ಹೋಗುವಾಗ ದೀಪ ಆರಿಸು" ಅಂದಳು,
ಬೆರಳು ಆಗಲೇ ಮುಂದಿನ ಸಾಲಿನಲ್ಲಿ.
"ಹಾಕಿದ್ದು ನೀನಲ್ಲವೇ."