ಒದ್ದೆ ಬೆರಳು

ನಿಧಾನ ಒತ್ತಿದರೆ ಸರಿ, ಅಂದರು ರೈಟರ್ ಪರ್ವತಯ್ಯ.
ಲಾರಿ ಹಿಂದೆ ಹಾಕೋಣ ಅಂತ ಒಂದೇ ಸಲ ತುಳಿದೆನೋ,
ನಿಂತು ಯೋಚನೆ ಮಾಡುತ್ತೆ.
ಎದುರಿಂದ ಬಸ್ಸು ಬರ್ತಿರುತ್ತೆ,
ಇದು ಯೋಚನೆ ಮಾಡ್ತಿರುತ್ತೆ.

ಎಂಬತ್ನಾಲ್ಕರ ಪದ್ಮಿನಿ. ಕೆನೆ ಬಣ್ಣ,
ಬಾಗಿಲ ಅಂಚಿಗೆ ತುಕ್ಕು.
ಉಪ್ಪಳ್ಳಿಯ ನಮ್ಮ ಶೆಡ್ಡಿನಲ್ಲಿ
ಲಿಗೋರಿ ಮೇಸ್ತ್ರಿ ಬಾನೆಟ್ ಎತ್ತಿ
ಫಿಲ್ಟರಿನ ಮುಚ್ಚಳ ತೆಗೆದಿಟ್ಟು
ಕಾರ್ಬ್ಯುರೇಟರಿನ ಗಂಟಲಿಗೆ ಟಾರ್ಚ್ ಹಿಡಿದರು,
'ಆ' ಅನ್ನು, ಅನ್ನುವ ಡಾಕ್ಟರ ಹಾಗೆ.

ಇಂಜಿನ್ ಆಫ್. ಕೈಯಲ್ಲೇ ಥ್ರಾಟಲ್ ಎಳೆದರೆ
ಪಿಚಕ್ಕನೆ ಪೆಟ್ರೋಲು, ದಾರದ ಹಾಗೆ, ನೇರ.
ಇನ್ನೊಂದು ಸಲ. ಪಿಚಕ್.
ಹಾಗಾದರೆ ಪಂಪು ಸತ್ತಿಲ್ಲ.
ನೂರಕ್ಕೆ ತೊಂಬತ್ತು ಸಲ ಅದೇ ಸತ್ತಿರುತ್ತದೆ,
ಒಳಗಿನ ಎಂಟಾಣೆಯಗಲದ ಡಯಾಫ್ರಾಮು.
ಮೇಸ್ತ್ರಿ ಆಗಲೇ ಹೊಸದನ್ನು ಜೇಬಲ್ಲಿಟ್ಟುಕೊಂಡು ಬಂದಿದ್ದರು.
ಜೇಬು ಮುಟ್ಟಿಕೊಂಡು ಸುಮ್ಮನಾದರು.

ಫ್ಲೋಟಿನ ಮಟ್ಟ ಅಳೆದೆವು. ಜೆಟ್ಟು ಊದಿದೆವು,
ಬಾಯಿ ತುಂಬ ಪೆಟ್ರೋಲಿನ ಒಗರು.
ಟೈಮಿಂಗ್ ನೋಡಿದೆವು. ಪ್ಲಗ್ಗು ಬಿಚ್ಚಿದರೆ
ನಾಲ್ಕೂ ಸುಣ್ಣ ಬಳಿದ ಹಾಗೆ.
ಗಾಳಿ ಜಾಸ್ತಿ ಉಣ್ತಿದೆ ಕಣೋ. ಎಲ್ಲಿಂದ?

ಸ್ಟಾರ್ಟ್ ಮಾಡಿ ಇಬ್ಬರೂ ಬಗ್ಗಿದೆವು.
ನನಗೆ ಕೇಳಿಸಿತು.
ಕುಕ್ಕರಿನ ವೆಯ್ಟು ಏಳುವ ಮೊದಲಿನ ಸುಯ್ಲು,
ಅಷ್ಟೇ ತೆಳುವಾಗಿ, ಕಾರ್ಬ್ಯುರೇಟರಿನ ಬುಡದಲ್ಲಿ.
ಮೇಸ್ತ್ರಿ ತಲೆ ಈ ಕಡೆ ವಾಲಿಸಿದರು, ಆ ಕಡೆ ವಾಲಿಸಿದರು,
ರಬ್ಬರ್ ಪೈಪಿನ ಒಂದು ತುದಿ ಕಿವಿಗಿಟ್ಟು
ಇನ್ನೊಂದನ್ನು ಇಂಜಿನ್ನಿನ ಮೈಮೇಲೆ ಆಡಿಸಿದರು.
ಸುಯ್ಲಿನ ಮೇಲೇ ಹಾದುಹೋಯಿತು ಪೈಪು.
ನಿಲ್ಲಲಿಲ್ಲ.

ಹೇಳಲೋ ಬೇಡವೋ ಅಂತ ನಾನು.
ಗೇಟಿನೊಳಗೆ ಬರುವ ಗಾಡಿಯ ಸದ್ದಿಗೇ
ಎಷ್ಟನೇ ವಾಲ್ವು ಅಂತ ಹೇಳುತ್ತಿದ್ದ ಮನುಷ್ಯ.
ಹೋದ ವರ್ಷದಿಂದ ರೇಡಿಯೋ ಜೋರು ಮಾಡು ಅನ್ನುತ್ತಿದ್ದರು;
ರೇಡಿಯೋ ಹಳೆಯದಾಯಿತು ಅಂತಿದ್ದೆವು ನಾವೆಲ್ಲ.

'ಮೇಸ್ತ್ರಿ, ಬುಡದಲ್ಲಿ,' ಅಂದೆ.
ನನ್ನ ತುಟಿ ನೋಡಿದರು.
ತೋರುಬೆರಳು ನಾಲಿಗೆಗೆ ಒತ್ತಿ
ಗ್ಯಾಸ್ಕೆಟ್ಟಿನ ಅಂಚಿಗುಂಟ ಸರಿಸುತ್ತ ಬಂದರು,
ಅಕ್ಕಿರೊಟ್ಟಿಯ ಅಂಚು ತಟ್ಟುವಷ್ಟು ಮೆಲ್ಲಗೆ.
ಹಿಂದಿನ ಬೋಲ್ಟಿನ ಹತ್ತಿರ ಬೆರಳು ನಿಂತಿತು.
ತಣ್ಣಗೆ ಎಳೀತಿದೆ, ಅಂದರು.
ಒತ್ತಿ ಹಿಡಿದಷ್ಟು ಹೊತ್ತು
ಇಂಜಿನ್ ಸಮನಾಗಿ ಉಸಿರಾಡಿತು.

ಹೊಸ ಗ್ಯಾಸ್ಕೆಟ್, ನಲವತ್ತು ರೂಪಾಯಿ.
ಡಯಾಫ್ರಾಮು ಜೇಬಿನಿಂದ ಡಬ್ಬಿಗೆ ವಾಪಸು.

ಸಂಜೆ ಕೈಮರ ದಾಟಿದ ಏರಿನಲ್ಲಿ
ಸ್ಟೇರಿಂಗ್ ನನಗೆ ಕೊಟ್ಟು ಪಕ್ಕ ಕೂತರು.
ಸೆಕೆಂಡ್ ಗೇರು. ಈಗ ತುಳಿ, ಅಂದರು. ಪೂರ್ತಿ.
ತುಳಿದೆ. ರಸ್ತೆ ಮಡಿಲಿಗೇ ಬಂತು.
ಅವರು ರಸ್ತೆ ನೋಡುತ್ತಿರಲಿಲ್ಲ,
ನನ್ನ ಮುಖ ನೋಡುತ್ತಿದ್ದರು.
ಯೋಚನೆ ಮಾಡ್ತಾ?
ಇಲ್ಲ, ಅಂದೆ.
ಆಮೇಲೆ ಇನ್ನೊಂದು ಸಲ, ಸ್ವಲ್ಪ ಜೋರಾಗಿ:
ಇಲ್ಲ ಮೇಸ್ತ್ರಿ.