ನಲವತ್ತು ನಿಮಿಷ ಲೇಟು

ಮಲ್ಲೇಶ್ವರದಲ್ಲಿ ಹತ್ತಿದರೆ
ಮೊದಲು ಹೂವಿನ ಸಾಲು, ಆಮೇಲೆ ಕಾಫಿ ಹುರಿಯುವ ಅಂಗಡಿ,
ಆಮೇಲೆ ಟಾಟಾ ಇನ್‌ಸ್ಟಿಟ್ಯೂಟಿನ ಮರಗಳ ತಂಪು
ಕಿಟಕಿಯಿಂದ ಬಂದು ಎಡಗೆನ್ನೆಗೆ ತಾಗಬೇಕು.
ಒಂದು ತಿರುವು, ಎರಡು ಹಂಪು,
ಬೇಕರಿಯಲ್ಲಿ ಖಾರಾ ಬನ್ನು ಬೇಯುವ ವಾಸನೆ.
ಅಷ್ಟಾದರೆ ನನ್ನ ಸ್ಟಾಪು.
ಆರು ತಿಂಗಳಲ್ಲಿ ಒಂದು ದಿನವೂ ತಪ್ಪಿರಲಿಲ್ಲ.

ನಿನ್ನೆ ತಪ್ಪಿತು.
ಯಾವುದೋ ಪೈಪಿಗಾಗಿ ಯಾರೋ ರಸ್ತೆ ಅಗೆದಿದ್ದರು
(ಈ ಊರಿನಲ್ಲಿ ಅಗೆಯುವವರಿಗೆ ದಣಿವೆಂಬುದಿಲ್ಲ),
ಬಸ್ಸು ನನ್ನನ್ನು ಕೇಳದೆ ಹೊರಳಿಕೊಂಡಿತು.
ತಂಪು ಬಲಗೆನ್ನೆಗೆ ಬಂತು.
ಹಂಪು ಐದಾದವು. ಬನ್ನು ಬೇಯಲೇ ಇಲ್ಲ.
"ಇಲ್ಲೇ ಇಳ್ಕೊಳ್ಳಮ್ಮ, ಮುಂದೆ ಹೋಗಲ್ಲ"
ಅಂತ ಕಂಡಕ್ಟರು, ಮೊಟ್ಟೆಯ ಟ್ರೇ ಇಳಿಸುವ ಜೋಪಾನದಲ್ಲಿ
ನನ್ನನ್ನು ಇಳಿಸಿ ಹೋದ.

ಬ್ಯಾಗಿನಲ್ಲಿ ಫೋನು ಇತ್ತು. ಕೇಳಿದರೆ ಹೇಳುತ್ತದೆ,
ಪಕ್ಕದವರಿಗೆ ಅರ್ಥವಾಗದ ವೇಗದಲ್ಲಿ,
ಎಷ್ಟು ಮೀಟರು, ಎಡವೋ ಬಲವೋ.
ಅದರಲ್ಲಿ ಲೋಹಿತಣ್ಣನ ನಂಬರೂ ಇತ್ತು.
ಒಂದೇ ರಿಂಗಿಗೆ ಎತ್ತುತ್ತಾನೆ, ಸ್ಕೂಟರು ತರುತ್ತಾನೆ,
ರಾತ್ರಿ ಅಮ್ಮನಿಗೆ ಹೇಳುತ್ತಾನೆ.
ಅಮ್ಮ ಬೆಳಗ್ಗೆ ನನಗೆ ಹೇಳುತ್ತಾಳೆ: ಸಾಕು, ಕೆಂಗೇರಿಗೆ ಬಂದ್ಬಿಡು.
ಬ್ಯಾಗಿನ ಜಿಪ್ಪು ಎಳೆದೆ.

ನನಗೆ ಇಪ್ಪತ್ತೊಂದು.
ಇಷ್ಟು ವರ್ಷದಲ್ಲಿ ಒಮ್ಮೆಯೂ ಕಳೆದುಹೋಗಿಲ್ಲ,
ಯಾರೂ ಬಿಟ್ಟಿಲ್ಲ.
ಶಾಲೆಯಲ್ಲಿ ಒಬ್ಬರ ಹೆಗಲಿಗೆ ಒಬ್ಬರ ಕೈ, ರೈಲಿನ ಹಾಗೆ.
ಮದುವೆಮನೆಯಲ್ಲಿ ಕೂರಿಸಿದ ಕುರ್ಚಿಗೇ ಊಟ, ಅಲ್ಲಿಗೇ ಫೋಟೊ.
ನನ್ನ ತಮ್ಮನಾದರೆ ಒಂಬತ್ತನೇ ಕ್ಲಾಸಿನಲ್ಲಿ
ಮೆಜೆಸ್ಟಿಕ್‌ನಲ್ಲಿ ತಪ್ಪಿಸಿಕೊಂಡು, ಸಂಜೆ ಬಂದು ಏಟು ತಿಂದು,
ಇವತ್ತಿಗೂ ಅದನ್ನೇ ಹೇಳಿಕೊಂಡು ಮೆರೆಯುತ್ತಾನೆ.
ನನ್ನ ಹತ್ತಿರ ಒಂದು ಕಥೆಯೂ ಇರಲಿಲ್ಲ.

ಕೋಲು ತಟ್ಟಿದೆ. ಫುಟ್‌ಪಾತು ಇತ್ತು, ಆಮೇಲೆ ಇರಲಿಲ್ಲ.
ಚಪ್ಪಡಿಯೊಂದು ಅಲುಗಿತು, ಅದರಡಿ ಮೋರಿ ಗೊಣಗಿತು.
ಯಾರೋ ಹಿರಿಯರು ಕೇಳದೆಯೇ ಕೈಹಿಡಿದು
ರಸ್ತೆ ದಾಟಿಸಿ, ಪುಣ್ಯ ಕಟ್ಟಿಕೊಂಡು ಹೋದರು.
ನಾನು ದಾಟಬೇಕಿರಲಿಲ್ಲ.
ಅವರ ಚಪ್ಪಲಿ ಸದ್ದು ಕರಗುವವರೆಗೆ ಕಾದು
ವಾಪಸ್ಸು ದಾಟಿದೆ, ನಾನೇ.
ಎದೆ ಡವಗುಟ್ಟುತ್ತಿತ್ತು, ಸುಳ್ಳೇಕೆ ಹೇಳಲಿ.

ಆಗ ಬಂತು ಸೊಗಡು.
ಡಿಸೆಂಬರಿನ ಅವರೆಕಾಯಿ.
ಕೋಲು ಹೋಗಿ ರಾಶಿಗೇ ನುಗ್ಗಿ, ಕಾಯೆಲ್ಲ ಚೆಲ್ಲಾಪಿಲ್ಲಿ.
"ಏನಮ್ಮಾ, ಕಣ್ ಕಾಣಲ್ವಾ?"
ಗಂಟಲು ಹರಿಯುವಂತೆ ಬೈದಳು, ಎಲ್ಲರಿಗೂ ಬೈಯುವ ಹಾಗೆ.
ಆಮೇಲೆ ನೋಡಿರಬೇಕು.
ಬೈಗುಳ ಅರ್ಧಕ್ಕೇ ನಿಂತಿತು.
"ಇಲ್ಲ, ಕಾಣಲ್ಲ. ಕೇಜಿ ಎಷ್ಟು?" ಅಂದೆ.

ನಕ್ಕಳೋ ಇಲ್ಲವೋ ಗೊತ್ತಿಲ್ಲ.
ಎಂಬತ್ತು ಅಂದಳು. ಅರವತ್ತು ಅಂದೆ.
ಎಪ್ಪತ್ತಕ್ಕೆ ಬಂದು, "ನೀನೇ ಆರಿಸ್ಕೋ" ಅಂತ ಬುಟ್ಟಿ ತಳ್ಳಿದಳು.
ಆರಿಸಿದೆ. ಕಾಯಿಯ ಜಿಡ್ಡು ಬೆರಳಿಗೆ ಹತ್ತಿತು.
ಎರಡು ಮಡಿಕೆಯದು ನೂರರ ನೋಟು, ಅದನ್ನು ಕೊಟ್ಟು
ಚಿಲ್ಲರೆ ಎಣಿಸಿಕೊಂಡೆ.
"ಇದ್ಯಾವ ಏರಿಯಾ?"
"ಗೋಕುಲ. ನಿಂಗೆಲ್ಲಿಗೆ?"
ಮತ್ತಿಕೆರೆ ಅಂದರೆ ಕೈಹಿಡಿಯಲಿಲ್ಲ, ಪುಣ್ಯಾತ್ಗಿತ್ತಿ.
"ಗಿರಣಿ ಸದ್ದು ಬರತ್ತೆ, ಅಲ್ಲಿ ಬಲಕ್ಕೆ ತಿರ್ಗು" ಅಂದಳು, ಅಷ್ಟೇ.

ರೂಮಿನಲ್ಲಿ ನುಸ್ರತ್ ಅನ್ನಕ್ಕಿಟ್ಟಿದ್ದಳು.
(ಅವಳಿಗೆ ಬೆಳಕು, ಕತ್ತಲು ಅಷ್ಟು ತಿಳಿಯುತ್ತದೆ,
ಹಾಗಾಗಿ ಬಲ್ಬು ಆರಿಸುವ ಜವಾಬ್ದಾರಿ ಅವಳದು.)
"ನಲವತ್ತು ನಿಮಿಷ ಲೇಟು" ಅಂದಳು.
"ಕಳೆದುಹೋಗಿದ್ದೆ" ಅಂದೆ,
ಹೊಸ ಸೀರೆ ಉಟ್ಟವಳ ದನಿಯಲ್ಲಿ.
ಅಮ್ಮನ ಫೋನು: ಎಲ್ಲಿದ್ದೆ ಇಷ್ಟು ಹೊತ್ತು?
ಅವರೆಕಾಯಿ ತರಕ್ಕೆ ಹೋಗಿದ್ದೆ.
ಸುಳ್ಳೇನಲ್ಲ.

ಬಿಡಿಸುವಾಗ ಎರಡು ಹುಳ ಸಿಕ್ಕವು,
ಎಲ್ಲರಿಗೂ ಸಿಗುವಷ್ಟೇ.
ಈಗ ನೆನೆದ ಕಾಳು ಹಿತುಕುತ್ತ ಕೂತಿದ್ದೇವೆ.
ಈ ಕೆಲಸಕ್ಕೆ ಊರಿನಲ್ಲಿ ಯಾರೂ ಕಣ್ಣು ಕೊಡುವುದಿಲ್ಲ,
ಎಲ್ಲರ ಕಣ್ಣೂ ಟೀವಿಯಲ್ಲಿರುತ್ತದೆ.
ಒಂದು ಬೇಳೆ ಬೆರಳಿಂದ ಚಿಮ್ಮಿ
ಪಾತ್ರೆಗೂ ಬೀಳದೆ ಗೋಡೆಗೂ ತಾಗದೆ ಎಲ್ಲಿಗೋ ಹೋಯಿತು.
"ಹುಡುಕ್ಲಾ?" ಅಂದಳು ನುಸ್ರತ್.
ಬೇಡ ಬಿಡು ಅಂದೆ,
ಅದೂ ಒಂದಿಷ್ಟು ತಿರುಗಾಡಿಕೊಂಡು ಬರಲಿ.