ನೂರ ಅರವತ್ತೆರಡರ ಹತ್ತಿರ

ಲ್ಯಾಮಿಂಗ್ಟನ್ ರಸ್ತೆಯಲ್ಲಿ ನನ್ನದು ಅಂಗಡಿಯಲ್ಲ, ಅರ್ಧ ಮೆಟ್ಟಿಲು.
ಮೇಲಿನವನು ಸಿಸಿಟಿವಿ ಮಾರುತ್ತಾನೆ,
ಕೆಳಗೆ ನಾನು, ಸೋಲ್ಡರಿನ ಹೊಗೆ, ಒಂದು ಸ್ಟೂಲು.
ಆ ಸ್ಟೂಲಿನ ಮೇಲೆ ಚಾಂಗುಣಾಬಾಯಿ ತಾಂಡೇಲ
ಬುಟ್ಟಿಯನ್ನು ಕಾಲಡಿ ಸರಿಸಿ ಕೂತು
ಸೆರಗಿನ ಗಂಟು ಬಿಚ್ಚಿದಳು:
ಬೆರಳುದ್ದದ ಡಾಂಗಲ್, ಮೀನಿನ ಹುರುಪೆ ಅಂಟಿದ್ದು.
"ಮೊಮ್ಮಗ ತಂದ, ಬಿಟ್ಟು ಹಾಸ್ಟೆಲಿಗೆ ಹೋದ.
ಇದರಲ್ಲಿ ದೋಣಿ ಕಾಣುತ್ತದಂತೆ. ಕಾಣಿಸು.
ಬರುವುದು ಮೊದಲೇ ಗೊತ್ತಾದರೆ
ಐಸನ್ನು ಅಗ್ಗಕ್ಕೆ ಹಿಡಿಯಬಹುದು."

ಕಾಣುವುದಿಲ್ಲ ಬಾಯಿ, ಕೇಳುತ್ತದೆ.
ಕೇಳಿದ್ದನ್ನು ಬಿಡಿಸಿ ಹೇಳುವವರು ಬೇರೆ.
ಅಂಥ ಪ್ರೋಗ್ರಾಮುಗಳು ಹತ್ತಾರು, ಎಷ್ಟೋ ಪುಕ್ಕಟೆ,
ಪುಕ್ಕಟೆಯಾದ್ದರಿಂದಲೇ ಆರಿಸುವುದು ಕಷ್ಟ.

ಮೊದಲನೆಯದನ್ನು ತೆರೆದೆ. ಪರದೆಯ ತುಂಬ ಜಲಪಾತ,
ಕಡುನೀಲಿಯಲ್ಲಿ ಇಳಿದು ಬರುವ ಹಳದಿ ಗೀಟುಗಳು.
ಬಾಯಿ ಬಾಯಿಬಿಟ್ಟು ನೋಡಿದಳು.
ಚೆಂದವೇನೋ ಹೌದು, ಅದಕ್ಕೆ ಅಕ್ಷರ ಬಾರದು.
ಸದ್ದು ಎಲ್ಲಿದೆಯೆಂದು ಬೆರಳು ತೋರುತ್ತದೆ,
ಏನೆಂದಿತು ಅಂದರೆ
ಇನ್ನೊಂದು ಪ್ಲಗಿನ್ ಕೇಳುತ್ತದೆ.

ಎರಡನೆಯದು ಎಲ್ಲ ಬಲ್ಲದು:
ವಿಮಾನ, ಪೇಜರು, ಉಪಗ್ರಹ ಕಳಿಸುವ ಮೋಡ,
ಆಕಾಶವಾಣಿಯ ಡಿಜಿಟಲ್ ವಾರ್ತೆ ಕೂಡ.
ಅವಳ ಹಳೆ ಲ್ಯಾಪ್‌ಟಾಪು ಅಷ್ಟನ್ನು ಹೊರಲಾರದೆ
ಫ್ಯಾನು ಕೂಗಿ, ಕೀಲಿಗಳು ಕಾದು
ಮೂರನೇ ನಿಮಿಷಕ್ಕೆ ಮೂರ್ಛೆ ಹೋಯಿತು.
ಬೈಯಲಿಕ್ಕೆ ಮನಸ್ಸಾಗಲಿಲ್ಲ. ನಾನೂ ಒಂದು ಕಾಲಕ್ಕೆ
ಹಗಲು ಫೋರ್ಟಿನ ಕ್ಯಾಂಟೀನಿನಲ್ಲಿ ಲೋಟ ತೊಳೆದು
ರಾತ್ರಿಶಾಲೆಯಲ್ಲಿ ಬೀಜಗಣಿತ ಕಲಿತವನು,
ಎಲ್ಲವನ್ನೂ ಒಟ್ಟಿಗೇ ಕೇಳಿಸಿಕೊಳ್ಳಲು ಹೋಗಿ
ನಾಲ್ಕನೇ ಟೇಬಲಿನ ಉಪ್ಪಿಟ್ಟು ಮರೆತು
ಕುಂದಾಪುರದ ಅಣ್ಣನಿಂದ ಬೈಸಿಕೊಂಡವನು.

ಮೂರನೆಯದಕ್ಕೆ ಮುಖವೇ ಇಲ್ಲ.
ಕಪ್ಪು ಕಿಟಕಿ, ಮಿಣುಕುವ ಒಂದು ಗೀಟು,
ಹಡಗಿನ ಭಾಷೆಯೊಂದೇ ಗೊತ್ತು.
"ಇದು ಸತ್ತಿದೆಯಾ?" ಅಂದಳು.
ಇಲ್ಲ ಬಾಯಿ, ಇದಕ್ಕೆ ಮಾತು ಕಮ್ಮಿ.
ಇದೇ ಇರಲಿ.

ಹಳೆ ಟಿವಿಯ ಆಂಟೆನಾ ಕಡ್ಡಿ ಕತ್ತರಿಸಬೇಕು.
ಅಳತೆಗೆ ಅವಳ ಕೈಯನ್ನೇ ಚಾಚಿಸಿದೆ,
ಮೊಣಕೈಯಿಂದ ಬೆರಳ ತುದಿ, ಒಂದು ಮೊಳ.
ಆ ತರಂಗದ ಕಾಲುಭಾಗ ಸರಿಯಾಗಿ ಅಷ್ಟೇ.

ಮಾರನೆಯ ದಿನ ಬೆಳಗಿನ ಜಾವ ಮೂರಕ್ಕೆ
ಸಸೂನ್ ಡಾಕಿನ ಐಸ್ ಗೋದಾಮಿನ ತಗಡಿನ ಮೇಲೆ ಕಡ್ಡಿ ನೆಟ್ಟೆವು.
ಡಾಂಗಲಿನೊಳಗೆ ಅಗ್ಗದ ಹರಳು, ಬಿಸಿಯಾದರೆ ಸುಳ್ಳು ಹೇಳುತ್ತದೆ.
ಅದರ ಸುಳ್ಳು ಎಷ್ಟೆಂದು ಎಣಿಸಿ ಅಷ್ಟು ಕಳೆದೆ.
ಬಂದವು ಸಾಲುಗಳು.
ಪ್ರತಿ ಸಾಲೂ ಆಶ್ಚರ್ಯಸೂಚಕದಿಂದ ಶುರು:
ಮೊದಲು ಬೆರಗು, ಮಾತು ಆಮೇಲೆ.
ಟ್ಯಾಂಕರು, ಟಗ್ಗು, ಕಲ್ಲಿದ್ದಲಿನ ಬಾರ್ಜು,
ಮತ್ತೆ, ನಾಲ್ಕು ಒಂದು ಒಂಬತ್ತರಿಂದ ಶುರುವಾಗುವ ಸಂಖ್ಯೆ,
ಅವಳ ಅಳಿಯನ ಟ್ರಾಲರು, ಏಕವೀರಾ ಪ್ರಸಾದ,
ವೇಗ ಮೂರು ನಾಟ್, ಮುಖ ವಾಯವ್ಯಕ್ಕೆ.
ಅವಳು ಪರದೆಯ ಆ ಸಂಖ್ಯೆಯನ್ನು
ಒದ್ದೆ ಬೆರಳಿನಿಂದ ಮುಟ್ಟಿದಳು.

ಆಮೇಲೆ ಇಲ್ಲ.

ಗೇನ್ ಏರಿಸಿದೆ. ಕೇಬಲ್ ಅಲ್ಲಾಡಿಸಿದೆ.
ಆರಿಸಿದ್ದೇ ತಪ್ಪಾಯಿತೇನೋ ಬಾಯಿ,
ನಾಲ್ಕನೆಯದೊಂದಿದೆ, ಕ್ಷೀಣ ಸದ್ದಿಗೆ ಅದೇ ಮೇಲಂತೆ,
ಡೌನ್‌ಲೋಡಿಗೆ ಹತ್ತು ನಿಮಿಷ...
ಚಾಂಗುಣಾಬಾಯಿ ನನ್ನ ಮಣಿಕಟ್ಟು ಹಿಡಿದಳು.
"ಬಿಡು. ಬಂದ್ ಮಾಡಿದ್ದಾನೆ.
ಬಲೆಗೆ ಘೋಳ ಬಿದ್ದಾಗ
ಇಲ್ಲಿದ್ದೇನೆ, ಇಲ್ಲಿದ್ದೇನೆ ಅಂತ
ಯಾವ ಹುಚ್ಚ ಕೂಗುತ್ತಾನೆ?"
ಎದ್ದಳು, ಕತ್ತಲಿಗೆ ಮುಖ ಮಾಡಿ ಐಸಿನವನನ್ನು ಕರೆದಳು:
ಇನ್ನೂ ಆರು ಲಾದಿ ತೆಗೆದಿಡು!

ಕೂಲಿಯೆಂದು ಒಂದು ಹಿಡಿ ಮಾಂದೇಲಿ, ಪೇಪರಿನಲ್ಲಿ.
ಅದನ್ನು ತೊಡೆಯ ಮೇಲಿಟ್ಟುಕೊಂಡು
ನಾನು ತಗಡಿನ ಮೇಲೆಯೇ ಕೂತಿದ್ದೆ.
ಕಪ್ಪು ಕಿಟಕಿಯಲ್ಲಿ
ಲಂಗರು ಹಾಕಿದ ಟ್ಯಾಂಕರೊಂದು
ಮೂರು ನಿಮಿಷಕ್ಕೊಮ್ಮೆ
ತಾನಿನ್ನೂ ಅಲ್ಲೇ ಇದ್ದೇನೆಂದು
ಆಶ್ಚರ್ಯಪಡುತ್ತಿತ್ತು.